ತೋಟ, ಸೊಸೈಟಿ ಡಿಪಾಸಿಟ್, ಚಿನ್ನ, ಫಂಡ್: ಮನೆಯ ಇಡೀ ಪೋರ್ಟ್‌ಫೋಲಿಯೊ ನೋಡಿಕೊಳ್ಳುವುದು ಹೇಗೆ?

ಚಿಕ್ಕಮಗಳೂರಿನಲ್ಲೋ ಸಕಲೇಶಪುರದಲ್ಲೋ ಯಾರನ್ನಾದರೂ "ನಿಮ್ಮ ಹೂಡಿಕೆ ಎಲ್ಲೆಲ್ಲಿದೆ?" ಎಂದು ಕೇಳಿ. ಮೊಬೈಲ್ ತೆಗೆದು ಒಂದು ಆ್ಯಪ್ ತೋರಿಸುತ್ತಾರೆ. ಅದರಲ್ಲಿ ನಾಲ್ಕೈದು ಮ್ಯೂಚುವಲ್ ಫಂಡ್, ಒಂದಿಷ್ಟು ಷೇರು. ಸೊಸೈಟಿಯಲ್ಲಿಟ್ಟ ಡಿಪಾಸಿಟ್, ಲಾಕರ್‌ನ ಚಿನ್ನ, ಅಪ್ಪನ ಹೆಸರಿನ ವಿಮೆ ಪಾಲಿಸಿ, ಹತ್ತು ಎಕರೆ ತೋಟ, ಬೈಪಾಸ್ ಪಕ್ಕದ ಸೈಟು, ಇವ್ಯಾವುದೂ ಆ ಲೆಕ್ಕದಲ್ಲಿ ಇರುವುದಿಲ್ಲ. ಹೂಡಿಕೆ ಬಗ್ಗೆ ನಮಗೆ ಸಿಗುವ ಸಲಹೆ ಹೆಚ್ಚಿನದು ಬೆಂಗಳೂರಿನ ತಿಂಗಳ ಸಂಬಳದವರನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದು. ಕಾಫಿ ಮಾರಿದಾಗ ವರ್ಷಕ್ಕೊಮ್ಮೆ ದುಡ್ಡು ನೋಡುವ ಮನೆಗೆ ಅದು ಹಾಗೇ ಕೂರುವುದಿಲ್ಲ. ಹಾಗಾಗಿ ಜನ ಪದೇ ಪದೇ ಕೇಳುವ ಪ್ರಶ್ನೆಗಳನ್ನೇ ಹಿಡಿದು, ನಮ್ಮ ಕಡೆಯ ಮನೆಗಳ ಲೆಕ್ಕಕ್ಕೆ ಹೊಂದಿಸಿ, ಒಂದೊಂದೇ ಹೆಜ್ಜೆ ನೋಡೋಣ.

ಎಲ್ಲಿಂದ ಶುರು ಮಾಡಬೇಕು?

ಒಂದು ಹಾಳೆಯಿಂದ. ಬಿಡುವಾಗಿ ಕೂತು ಇರುವುದನ್ನೆಲ್ಲ ಬರೆಯಿರಿ. ನೋಟ್‌ಬುಕ್ ಸಾಕು, ಎಕ್ಸೆಲ್ ಬರುತ್ತಿದ್ದರೆ ಇನ್ನೂ ಒಳ್ಳೆಯದು. ಗಂಡ, ಹೆಂಡತಿ, ಒಟ್ಟಿಗಿದ್ದರೆ ಅಪ್ಪ ಅಮ್ಮ, ಎಲ್ಲರದ್ದೂ ಒಂದೇ ಹಾಳೆಯಲ್ಲಿ ಬರಲಿ. ಆದರೆ ಯಾವುದು ಯಾರ ಹೆಸರಿನಲ್ಲಿದೆ ಎಂಬ ಕಾಲಂ ಬೇರೆ ಇರಲಿ. ಅದು ಮುಂದೆ ತೆರಿಗೆಗೂ ಬೇಕು, ನಾಮಿನಿ ವಿಷಯಕ್ಕೂ ಬೇಕು.

ಷೇರು, ಫಂಡ್ ಹುಡುಕುವುದು ಸುಲಭ. ನಿಮ್ಮ ಪ್ಯಾನ್‌ಗೆ ಸೇರಿದ ಡಿಮ್ಯಾಟ್ (ಷೇರುಗಳನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ಇಡುವ ಖಾತೆ) ಮತ್ತು ಫಂಡ್‌ಗಳೆಲ್ಲ ಒಂದೇ ಕಡೆ ಕಾಣುವ ಸ್ಟೇಟ್‌ಮೆಂಟ್ ಒಂದಿದೆ, ಸಿಎಎಸ್ ಎನ್ನುತ್ತಾರೆ. ಡಿಮ್ಯಾಟ್ ಲೆಕ್ಕ ಇಡುವ ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್‌ನಿಂದ ಅದು ಇಮೇಲ್‌ಗೆ ಬರುತ್ತದೆ. ಬರೀ ಫಂಡ್‌ಗಳದ್ದು ಸಾಕು ಎಂದರೆ ಫಂಡ್‌ಗಳ ದಾಖಲೆ ಇಡುವ ಕ್ಯಾಮ್ಸ್ ಅಥವಾ ಕೆಫಿನ್‌ಟೆಕ್ ವೆಬ್‌ಸೈಟ್‌ನಲ್ಲಿ ಕೇಳಿ ತರಿಸಿಕೊಳ್ಳಬಹುದು. ಎಂದೋ ತೆರೆದು ಮರೆತ ಬ್ಯಾಂಕ್ ಖಾತೆ ಇರಬಹುದು ಎಂಬ ಅನುಮಾನವಿದ್ದರೆ ರಿಸರ್ವ್ ಬ್ಯಾಂಕಿನ ಉದ್ಗಮ್ ಪೋರ್ಟಲ್‌ನಲ್ಲಿ ಹೆಸರು ಹಾಕಿ ಹುಡುಕಿ. ಹತ್ತು ವರ್ಷ ಯಾರೂ ಮುಟ್ಟದ ಡಿಪಾಸಿಟ್ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗಿರುತ್ತದೆ, ಆದರೆ ಬ್ಯಾಂಕಿಗೆ ಅರ್ಜಿ ಕೊಟ್ಟು ವಾಪಸ್ ಪಡೆಯಬಹುದು.

ಸಾಲವನ್ನೂ ಬರೆಯಿರಿ. ಬೆಳೆ ಸಾಲ, ಚಿನ್ನದ ಮೇಲಿನ ಸಾಲ, ಪಿಕಪ್ ಗಾಡಿಯ ಕಂತು, ನೆಂಟರಿಂದ ಪಡೆದ ಕೈಸಾಲ. ಸಾಲದ ಕಾಲಂ ಇಲ್ಲದ ಹಾಳೆ ಅರ್ಧ ಹಾಳೆ. ಶೇ 14ರ ಸಾಲ ತಲೆ ಮೇಲಿಟ್ಟುಕೊಂಡು ಶೇ 12 ಬರಬಹುದು ಎಂದು ಎಸ್‌ಐಪಿ (ಫಂಡ್‌ಗೆ ಹಾಕುವ ತಿಂಗಳ ಕಂತು) ಕಟ್ಟುವವರು ನಮ್ಮಲ್ಲಿ ಬಹಳ ಜನ. ಆ ಸಾಲ ತೀರಿಸಿದರೆ ಶೇ 14 ಖಚಿತವಾಗಿ ಉಳಿಯುತ್ತದೆ. ಅಷ್ಟು ಖಚಿತವಾದ ಲಾಭ ಯಾವ ಫಂಡ್ ಕೊಡುತ್ತದೆ ಹೇಳಿ?

ಕಡಿಮೆ ಬಡ್ಡಿಗೆ ಸಿಗುತ್ತದೆ ಎಂದು ಬೆಳೆ ಸಾಲ ಎತ್ತಿ ಷೇರಿಗೆ ಹಾಕುವ ಲೆಕ್ಕಾಚಾರವನ್ನಂತೂ ಮಾಡಲೇಬೇಡಿ. ಸಮಯಕ್ಕೆ ಸರಿಯಾಗಿ ಕಟ್ಟಿದರೆ ಮಾತ್ರ ಅಲ್ಲಿ ಬಡ್ಡಿ ರಿಯಾಯಿತಿ. ಕಟ್ಟುವ ತಾರೀಕು ಬಂದಾಗ ಷೇರು ಪೇಟೆ ಮೇಲಿರುತ್ತದೆ ಎಂದು ಯಾರೂ ಬರೆದುಕೊಟ್ಟಿಲ್ಲ.

"ಷೇರು ಎಷ್ಟಿರಬೇಕು, ಡಿಪಾಸಿಟ್ ಎಷ್ಟಿರಬೇಕು?"

ಎಲ್ಲರೂ ಮೊದಲು ಕೇಳುವುದು ಇದನ್ನೇ. ನೂರರಲ್ಲಿ ವಯಸ್ಸು ಕಳೆದು ಉಳಿದಷ್ಟು ಷೇರಿನಲ್ಲಿರಲಿ ಎಂಬ ಹಳೆಯ ಸೂತ್ರ ಕೇಳಿರುತ್ತೀರಿ. ನನಗೆ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ. ವಯಸ್ಸಿಗಿಂತ ಮುಖ್ಯವಾದದ್ದು ಮನೆಗೆ ದುಡ್ಡು ಎಲ್ಲಿಂದ ಬರುತ್ತದೆ, ಎಷ್ಟು ನಂಬಿಕೆಯಿಂದ ಬರುತ್ತದೆ ಎಂಬುದು.

ಇಬ್ಬರನ್ನು ಊಹಿಸಿಕೊಳ್ಳಿ, ಇಬ್ಬರಿಗೂ ನಲವತ್ತೈದು ವರ್ಷ. ಒಬ್ಬರು ಹಾಸನದಲ್ಲಿ ಸರ್ಕಾರಿ ಶಾಲೆಯ ಮೇಡಂ. ತಿಂಗಳಾದರೆ ಸಂಬಳ, ಮಳೆ ಬಂದರೂ ಬಾರದಿದ್ದರೂ. ಇನ್ನೊಬ್ಬರು ಮೂಡಿಗೆರೆ ಕಡೆ ರೋಬಸ್ಟಾ, ಮೆಣಸು ಬೆಳೆಯುವವರು. ಅವರ ಆದಾಯ ಹೂಮಳೆ ಸಮಯಕ್ಕೆ ಬಿತ್ತಾ, ಆಗಸ್ಟ್‌ನಲ್ಲಿ ಕಾಯಿ ಉದುರಿತಾ, ಲಂಡನ್ ಪೇಟೆಯಲ್ಲಿ ರೋಬಸ್ಟಾ ದರ ಏನಾಯಿತು, ಬ್ರೆಜಿಲ್ ಮತ್ತು ವಿಯೆಟ್ನಾಂನಲ್ಲಿ ಬೆಳೆ ಹೇಗಿದೆ, ಇಷ್ಟರ ಮೇಲೆ ನಿಂತಿದೆ. 2000ರ ದಶಕದ ಮೊದಲ ವರ್ಷಗಳಲ್ಲಿ ಕಾಫಿ ದರ ನೆಲಕಚ್ಚಿದ್ದನ್ನು ನೋಡಿದವರು ಇನ್ನೂ ಇದ್ದಾರೆ. 2018 ಮತ್ತು 2019ರ ಆಗಸ್ಟ್ ಮಳೆ ತೋಟಗಳನ್ನು ಏನು ಮಾಡಿತು ಎಂಬುದೂ ನೆನಪಿದೆ. 2024ರಲ್ಲಿ ಅದೇ ರೋಬಸ್ಟಾ ಹಿಂದೆಂದೂ ಕಾಣದ ದರ ಕಂಡಿತು. ಹೀಗೆ ಏರಿಳಿಯುವ ಆಸ್ತಿ ಆಗಲೇ ಕೈಯಲ್ಲಿರುವವರು ಬಾಕಿ ದುಡ್ಡಿನಲ್ಲೂ ಮುಕ್ಕಾಲು ಪಾಲು ಷೇರಿಗೆ ಹಾಕಿದರೆ ಏನಾಗುತ್ತದೆ? ಕಾಫಿಯೂ ಬಿದ್ದು ಪೇಟೆಯೂ ಬಿದ್ದ ವರ್ಷ ಕೂಲಿ ಕೊಡುವುದಕ್ಕೆ ನಷ್ಟದಲ್ಲಿ ಫಂಡ್‌ನ ಯೂನಿಟ್ ಮಾರಬೇಕಾಗುತ್ತದೆ.

ಹಾಗಾಗಿ ನನ್ನ ಅಳತೆ ಹೀಗಿದೆ. ಪೂರ್ತಿ ತೋಟದ ಆದಾಯದ ಮೇಲೆ ನಿಂತ ಮನೆಗೆ, ಜಮೀನು ಬಿಟ್ಟು ಉಳಿದ ಹೂಡಿಕೆಯಲ್ಲಿ ಶೇ 40ರಷ್ಟು ಷೇರು ಸಾಕು. ಖಚಿತ ಸಂಬಳ ಇರುವವರು ಶೇ 60ರವರೆಗೂ ಹೋಗಬಹುದು. ಒಬ್ಬರ ಸಂಬಳ, ಜೊತೆಗೆ ತೋಟ ಇದ್ದರೆ ನಡುವೆ ಎಲ್ಲೋ ಒಂದು ಕಡೆ. ಇದು ಶಾಸನವಲ್ಲ, ನನ್ನ ಲೆಕ್ಕ ಅಷ್ಟೇ. ಐದು ವರ್ಷದೊಳಗೆ ಬೇಕಾಗುವ ದುಡ್ಡು, ಅಂದರೆ ಮಗಳ ಮದುವೆ, ಮನೆ ರಿಪೇರಿ, ಕಾಲೇಜು ಫೀಸು, ಇವು ಮಾತ್ರ ಯಾರಿಗೇ ಆಗಲಿ ಷೇರಿನಲ್ಲಿ ಇರಬಾರದು. 2006ರ ಏಪ್ರಿಲ್ ನಂತರ ಕೆಲಸಕ್ಕೆ ಸೇರಿದ ರಾಜ್ಯ ಸರ್ಕಾರಿ ನೌಕರರು ತಮ್ಮ ಎನ್‌ಪಿಎಸ್ (ಪಿಂಚಣಿ ಉಳಿತಾಯ) ಮೊತ್ತವನ್ನೂ ಹಾಳೆಗೆ ಸೇರಿಸಿಕೊಳ್ಳಿ. ಅದರ ಮಾಮೂಲಿ ಸ್ಕೀಮಿನಲ್ಲಿ ಷೇರಿನ ಪಾಲು ಕಡಿಮೆ, ಹಾಗಾಗಿ ಹೆಚ್ಚಿನ ಭಾಗ ಡಿಪಾಸಿಟ್ ಪಕ್ಕದಲ್ಲೇ ಬರೆಯಬೇಕು.

ಜಮೀನನ್ನು ಶೇಕಡಾವಾರು ಲೆಕ್ಕಕ್ಕೆ ತರಬೇಡಿ. ಎಕರೆಗೆ ಇಷ್ಟು ಎಂದು ಹಾಕಿದರೆ ಉಳಿದದ್ದೆಲ್ಲ ಅದರ ಮುಂದೆ ಚಿಲ್ಲರೆಯಂತೆ ಕಾಣುತ್ತದೆ, ಲೆಕ್ಕವೇ ಕೆಡುತ್ತದೆ. ಅದು ಅಪಾಯ ತೂಗುವುದಕ್ಕೆ ಮಾತ್ರ. ಒಡವೆಯೂ ಹಾಗೆಯೇ. ಮನೆಯಲ್ಲಿ ಮಾರುವುದಕ್ಕೆ ಯಾರೂ ಒಪ್ಪದ ಚಿನ್ನವನ್ನು ಹೂಡಿಕೆ ಎಂದು ಬರೆದು ಏನು ಪ್ರಯೋಜನ? ನಾಣ್ಯ, ಗೋಲ್ಡ್ ಬಾಂಡ್, ಗೋಲ್ಡ್ ಇಟಿಎಫ್ (ಷೇರಿನಂತೆ ಕೊಳ್ಳುವ ಚಿನ್ನದ ಫಂಡ್) ಇದ್ದರೆ ಬರೆಯಿರಿ. ಶೇ 10 ಸಾಕು.

ಇನ್ನೊಂದು ಮಾತು. "ನಮಗೆ ಕಾಫಿ ಗೊತ್ತು, ಅದಕ್ಕೆ ಕಾಫಿ ಕಂಪನಿ ಷೇರು ತಗೊಂಡಿದ್ದೀನಿ" ಎನ್ನುವವರಿದ್ದಾರೆ. ಗೊತ್ತಿರುವುದು ನಿಜ. ಆದರೆ ಮಳೆ ಕೆಟ್ಟರೆ, ದರ ಕುಸಿದರೆ ತೋಟಕ್ಕೂ ಷೇರಿಗೂ ಒಟ್ಟಿಗೆ ಪೆಟ್ಟು. ತೋಟದಲ್ಲೇ ಹೋಂಸ್ಟೇ ಕಟ್ಟಿಸಿ ಆದಾಯ ಬೇರೆ ಬೇರೆ ಮಾಡಿಕೊಂಡೆವು ಎಂದುಕೊಳ್ಳುವುದೂ ಅರ್ಧ ಮಾತ್ರ ಸರಿ. ಘಾಟಿ ಕುಸಿದ ವರ್ಷ ಪ್ರವಾಸಿಗಳೂ ಬರುವುದಿಲ್ಲ.

"ಸೊಸೈಟಿಯಲ್ಲಿ ಬಡ್ಡಿ ಜಾಸ್ತಿ. ಅಲ್ಲೇ ಇಡಬಹುದಲ್ವಾ?"

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬ್ಯಾಂಕ್ ಡಿಪಾಸಿಟ್‌ಗೆ ಡಿಐಸಿಜಿಸಿ ಎಂಬ ಸಂಸ್ಥೆಯ ವಿಮೆ ಇದೆ. ರಿಸರ್ವ್ ಬ್ಯಾಂಕಿನದ್ದೇ ಅಂಗಸಂಸ್ಥೆ. 2020ರ ಫೆಬ್ರುವರಿಯಿಂದ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ, ಅಸಲು ಬಡ್ಡಿ ಎರಡೂ ಸೇರಿ, 5 ಲಕ್ಷ ರೂಪಾಯಿವರೆಗೆ ಈ ರಕ್ಷಣೆ. ಒಂದೇ ಬ್ಯಾಂಕಿನ ಹಾಸನ ಶಾಖೆಯಲ್ಲಿ ಒಂದಿಷ್ಟು, ಬೇಲೂರು ಶಾಖೆಯಲ್ಲಿ ಒಂದಿಷ್ಟು ಇಟ್ಟರೆ ಎರಡನ್ನೂ ಸೇರಿಸಿಯೇ 5 ಲಕ್ಷ. ಸಹಕಾರಿ ಬ್ಯಾಂಕ್‌ಗಳಿಗೂ, ಅಂದರೆ ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇರುವ ಬ್ಯಾಂಕ್‌ಗಳಿಗೂ, ಇದು ಅನ್ವಯಿಸುತ್ತದೆ. ಆದರೆ ಪ್ರಾಥಮಿಕ ಕೃಷಿ ಪತ್ತಿನ ಸಂಘ, ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳಿಗೆ ಈ ವಿಮೆ ಇಲ್ಲ. ಬೋರ್ಡು, ಕೌಂಟರು, ಪಾಸ್‌ಬುಕ್ಕು ನೋಡಿದರೆ ಬ್ಯಾಂಕಿನ ಹಾಗೇ ಕಾಣುತ್ತದೆ, ಅದೇ ಸಮಸ್ಯೆ. ಹೆಸರಿನಲ್ಲಿ "ಬ್ಯಾಂಕ್" ಇದೆಯಾ ನೋಡಿ. ಡಿಐಸಿಜಿಸಿ ವೆಬ್‌ಸೈಟ್‌ನಲ್ಲಿ ವಿಮೆ ಇರುವ ಬ್ಯಾಂಕ್‌ಗಳ ಪಟ್ಟಿಯೂ ಇದೆ.

ಸೊಸೈಟಿ ಎಂದರೆ ಮೋಸ ಎಂದು ನಾನು ಹೇಳುತ್ತಿಲ್ಲ. ಗೊಬ್ಬರ, ಬೆಳೆ ಸಾಲ, ಕಷ್ಟಕಾಲದ ಕೈಗಡ ಎಲ್ಲದಕ್ಕೂ ನಮ್ಮೂರುಗಳಿಗೆ ಅವೇ ಆಧಾರ. ಚೆನ್ನಾಗಿ ನಡೆಯುವವು ಬೇಕಾದಷ್ಟಿವೆ. ನಿರ್ದೇಶಕರು ಪರಿಚಯದವರು, ದೂರದ ನೆಂಟರು ಎಂಬ ಧೈರ್ಯವೂ ಇರುತ್ತದೆ. ಆದರೆ ಪರಿಚಯ ವಿಮೆ ಅಲ್ಲ. ಇಡೀ ಉಳಿತಾಯ ಅಲ್ಲೇ ಇಡಬೇಡಿ. ಕೈಬಿಟ್ಟು ಹೋದರೂ ಮನೆ ಅಲುಗಾಡದಷ್ಟು ಮಾತ್ರ ಇಡಿ. 12 ಲಕ್ಷ ಒಂದೇ ಸೊಸೈಟಿಯಲ್ಲಿದ್ದರೆ, ಅವಧಿ ಮುಗಿದಂತೆಲ್ಲ ತೆಗೆದು ಎರಡು ಮೂರು ಬ್ಯಾಂಕ್‌ಗಳಲ್ಲಿ ಗಂಡನ ಹೆಸರಿನಲ್ಲಿ, ಹೆಂಡತಿಯ ಹೆಸರಿನಲ್ಲಿ, ಬಡ್ಡಿ ಸೇರಿದರೂ 5 ಲಕ್ಷ ದಾಟದ ಹಾಗೆ ನಾಲ್ಕು, ನಾಲ್ಕೂವರೆ ಲಕ್ಷದಂತೆ ಹಂಚಿ. ಒಂದೆರಡು ಪರ್ಸೆಂಟ್ ಬಡ್ಡಿ ಕಡಿಮೆಯಾಗುತ್ತದೆ, ಹೌದು. ಅರವತ್ತು ದಾಟಿದವರಿಗೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ, ಒಬ್ಬರು 30 ಲಕ್ಷದವರೆಗೆ ಇಡಬಹುದು. ಸರ್ಕಾರದ್ದೇ ಹೊಣೆ.

ಆಪತ್ತಿಗೆ ಎಷ್ಟು ಇಟ್ಟುಕೊಳ್ಳಬೇಕು?

ಸಂಬಳದವರಿಗೆ ಆರು ತಿಂಗಳ ಮನೆಖರ್ಚು ಸಾಕು. ತೋಟದವರಿಗೆ ಸಾಲುವುದಿಲ್ಲ. ಒಂದು ಫಸಲು ಕೈಕೊಟ್ಟರೆ ಮುಂದಿನ ಫಸಲಿಗೆ ಪೂರ್ತಿ ಒಂದು ವರ್ಷ ಕಾಯಬೇಕು. ಆ ವರ್ಷವೂ ಕಳೆ, ಗೊಬ್ಬರ, ಸುಣ್ಣ, ಸ್ಪ್ರೇ, ಕೊಯ್ಲು ಯಾವುದೂ ನಿಲ್ಲುವುದಿಲ್ಲ. ಹಾಗಾಗಿ ಒಂದು ವರ್ಷದ ಮನೆಖರ್ಚು, ಅದರ ಜೊತೆಗೆ ಒಂದು ವರ್ಷದ ತೋಟದ ಖರ್ಚು. ಮೊತ್ತ ನೋಡಿ ಗಾಬರಿಯಾಗಬೇಡಿ, ಒಂದೇ ವರ್ಷದಲ್ಲಿ ಕಟ್ಟಬೇಕಿಲ್ಲ. ಒಳ್ಳೆ ದರ ಸಿಕ್ಕ ವರ್ಷ ಮೊದಲು ತುಂಬಿಸಬೇಕಾದ ಡಬ್ಬಿ ಇದೇ, ಹೊಸ ಕಾರಿನ ಮಾತು ಆಮೇಲೆ. ಅರ್ಧ ಬ್ಯಾಂಕ್ ಎಫ್‌ಡಿಯಲ್ಲಿ, ಅರ್ಧ ಲಿಕ್ವಿಡ್ ಫಂಡ್‌ನಲ್ಲಿ (ಏರಿಳಿತ ಕಡಿಮೆ, ಬೇಕಾದಾಗ ಬೇಗ ತೆಗೆಯಬಹುದು) ಇಡಬಹುದು. ಶುಂಠಿ, ಆಲೂಗಡ್ಡೆ ಹಾಕುವವರು ಇನ್ನೂ ಸ್ವಲ್ಪ ಜಾಸ್ತಿಯೇ ಇಟ್ಟುಕೊಳ್ಳಿ. ಆ ಬೆಳೆಗಳ ದರದ ಆಟ ನಿಮಗೆ ನಾನು ಹೇಳಬೇಕಾ?

"ದುಡ್ಡು ವರ್ಷಕ್ಕೊಮ್ಮೆ ಬರುತ್ತೆ. ತಿಂಗಳ ಎಸ್‌ಐಪಿ ಹೇಗೆ ಕಟ್ಟೋದು?"

ಅಕ್ಟೋಬರ್, ನವೆಂಬರ್‌ನಲ್ಲಿ ಖಾತೆ ಖಾಲಿ. ಎಸ್‌ಐಪಿ ಕಂತು ವಾಪಸ್ ಹೋಗುತ್ತದೆ, ಬ್ಯಾಂಕ್ ದಂಡ ಹಾಕುತ್ತದೆ. ಮೂರು ಸಲ ಹೀಗಾದರೆ ಸಿಟ್ಟು ಬಂದು ಎಸ್‌ಐಪಿಯನ್ನೇ ನಿಲ್ಲಿಸುತ್ತಾರೆ. ಇದಕ್ಕೆ ಪರಿಹಾರ ಎಸ್‌ಟಿಪಿ. ಕಾಫಿ ದುಡ್ಡು ಬಂದಾಗ, ಸಾಮಾನ್ಯವಾಗಿ ಫೆಬ್ರುವರಿಯಿಂದ ಮೇ ಒಳಗೆ, ಹೂಡಬೇಕೆಂದಿರುವ ಮೊತ್ತವನ್ನು ಒಂದೇ ಸಲ ಲಿಕ್ವಿಡ್ ಫಂಡ್‌ಗೆ ಹಾಕಿ. ಅಲ್ಲಿಂದ ಪ್ರತಿ ತಿಂಗಳು ಇಷ್ಟು ಎಂದು ಅದೇ ಫಂಡ್ ಕಂಪನಿಯ ಷೇರು ಫಂಡ್‌ಗೆ ತಾನಾಗಿ ಹೋಗುವ ಹಾಗೆ ಫಾರಂ ತುಂಬಿ. 2,40,000 ರೂಪಾಯಿ ಇದ್ದರೆ ತಿಂಗಳಿಗೆ 20,000ದಂತೆ ಹನ್ನೆರಡು ಕಂತು. ಕಂತು ಬೌನ್ಸ್ ಆಗುವ ಮಾತೇ ಇಲ್ಲ.

ಎಲ್ಲವನ್ನೂ ಒಂದೇ ದಿನ ಷೇರು ಫಂಡ್‌ಗೆ ಹಾಕಿದರೆ ತಪ್ಪಾ? ಲೆಕ್ಕದ ಪ್ರಕಾರ ತಪ್ಪೇನಲ್ಲ. ಪೇಟೆ ದೀರ್ಘಕಾಲದಲ್ಲಿ ಏರುವುದೇ ಹೆಚ್ಚಾದ್ದರಿಂದ ಬೇಗ ಹಾಕಿದವರಿಗೆ ಎಷ್ಟೋ ಸಲ ಲಾಭವೇ ಆಗುತ್ತದೆ. ಆದರೆ ಹಾಕಿದ ಮರುತಿಂಗಳೇ ಶೇ 15 ಬಿದ್ದರೆ ನಿದ್ದೆ ಬರುತ್ತದಾ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಬರುವುದಿಲ್ಲ ಎನ್ನುವವರಿಗೆ ಎಸ್‌ಟಿಪಿ.

ಎಷ್ಟು ಫಂಡ್ ಬೇಕು?

ಮೂರು. ಹೆಚ್ಚೆಂದರೆ ನಾಲ್ಕು.

ಹನ್ನೆರಡು ಫಂಡ್ ಇಟ್ಟುಕೊಂಡು "ಹಂಚಿದ್ದೀನಿ" ಎನ್ನುವವರ ಪಟ್ಟಿ ತೆಗೆದು ನೋಡಿ. ಅದರಲ್ಲಿ ಐದು ಲಾರ್ಜ್‌ಕ್ಯಾಪ್ ಇರುತ್ತವೆ. ಷೇರು ಪೇಟೆಯ ನಿಯಂತ್ರಕ ಸೆಬಿಯ ನಿಯಮದ ಪ್ರಕಾರ ಲಾರ್ಜ್‌ಕ್ಯಾಪ್ ಫಂಡ್ ತನ್ನ ಕನಿಷ್ಠ ಶೇ 80ರಷ್ಟು ದುಡ್ಡನ್ನು ಪೇಟೆ ಮೌಲ್ಯದಲ್ಲಿ ದೇಶದ ಮೊದಲ 100 ಕಂಪನಿಗಳಲ್ಲೇ ಹಾಕಬೇಕು. ಅಂದಮೇಲೆ ಐದರಲ್ಲೂ ಅದೇ ನಾಲ್ಕು ಬ್ಯಾಂಕು, ಅದೇ ಐಟಿ ಕಂಪನಿ. ಹೆಸರು ಬೇರೆ ಅಷ್ಟೇ. ಒಂದು ನಿಫ್ಟಿ 50 ಇಂಡೆಕ್ಸ್ ಫಂಡ್ (ನಿಫ್ಟಿಯ 50 ಕಂಪನಿಗಳನ್ನೇ ಹಾಗೇ ಕೊಳ್ಳುವುದು), ಒಂದು ಫ್ಲೆಕ್ಸಿಕ್ಯಾಪ್ (ದೊಡ್ಡ, ಸಣ್ಣ ಎಲ್ಲ ಕಂಪನಿಗಳಲ್ಲೂ ಹಾಕುವುದು), ಧೈರ್ಯವಿದ್ದರೆ ಒಂದು ಮಿಡ್‌ಕ್ಯಾಪ್ (ಮಧ್ಯಮ ಗಾತ್ರದ ಕಂಪನಿಗಳದ್ದು), ಷೇರಲ್ಲದ ಭಾಗಕ್ಕೆ ಒಂದು ಡೆಟ್ ಫಂಡ್ (ಬಾಂಡ್‌ಗಳಲ್ಲಿ ಹಾಕುವುದು). ಬೇಡದ್ದನ್ನು ಇವತ್ತೇ ಮಾರಬೇಕಿಲ್ಲ. ಅವುಗಳ ಎಸ್‌ಐಪಿ ನಿಲ್ಲಿಸಿ, ಒಂದು ವರ್ಷ ದಾಟಿದ ಯೂನಿಟ್‌ಗಳನ್ನು ತೆರಿಗೆ ನೋಡಿಕೊಂಡು ನಿಧಾನಕ್ಕೆ ಹೊರತನ್ನಿ.

ಡೈರೆಕ್ಟ್ ಪ್ಲಾನೋ ರೆಗ್ಯುಲರೋ ಎಂಬುದನ್ನೂ ಇಲ್ಲೇ ನೋಡಿಕೊಳ್ಳಿ. 2013ರ ಜನವರಿಯಿಂದ ಪ್ರತಿ ಫಂಡ್‌ಗೂ ಏಜೆಂಟರಿಲ್ಲದೆ ಕೊಳ್ಳುವ ಡೈರೆಕ್ಟ್ ಪ್ಲಾನ್ ಇದೆ. ರೆಗ್ಯುಲರ್‌ನಲ್ಲಿ ಏಜೆಂಟರ ಕಮಿಷನ್ ಪ್ರತಿ ವರ್ಷ ನಿಮ್ಮ ದುಡ್ಡಿನಿಂದಲೇ ಹೋಗುತ್ತದೆ. ತಿಂಗಳಿಗೆ 10,000ದಂತೆ 20 ವರ್ಷ ಕಟ್ಟಿದರೆ ಶೇ 12ರ ಲೆಕ್ಕದಲ್ಲಿ ಸುಮಾರು 99 ಲಕ್ಷವಾಗುತ್ತದೆ, ಶೇ 11ರಲ್ಲಿ ಸುಮಾರು 87 ಲಕ್ಷ. ಒಂದೇ ಒಂದು ಪರ್ಸೆಂಟಿಗೆ ಇಷ್ಟು ಅಂತರ. ಆದರೂ ನಿಮ್ಮ ಏಜೆಂಟ್ ಪೇಟೆ ಬಿದ್ದಾಗ ಫೋನ್ ಮಾಡಿ "ಮಾರಬೇಡಿ ಸಾರ್" ಎಂದು ತಡೆಯುವವರಾದರೆ, ಅಮ್ಮನ ಕೆವೈಸಿ ಮಾಡಿಸಲು ಮನೆಗೇ ಬರುವವರಾದರೆ, ಆ ಕಮಿಷನ್ ದಂಡ ಎಂದು ನಾನು ಹೇಳುವುದಿಲ್ಲ. ಹೊಸ ಫಂಡ್ ಬಂದಾಗ ಮಾತ್ರ ನೆನಪಿಸಿಕೊಳ್ಳುವವರಿಗೆ ಕೊಡುವುದು ದಂಡವೇ.

"ಪೇಟೆ ಬೀಳ್ತಾ ಇದೆ, ತೆಗೆದುಬಿಡ್ಲಾ?"

2008ರ ಜನವರಿಯಲ್ಲಿ ಸೆನ್ಸೆಕ್ಸ್ 21,000 ಮುಟ್ಟಿತ್ತು. ಅಕ್ಟೋಬರ್‌ನಲ್ಲಿ 8,000ಕ್ಕಿಂತ ಕೆಳಗೆ ಇಳಿದು ಬಂತು. ಮತ್ತೆ 21,000 ಕಾಣಲು 2010ರ ನವೆಂಬರ್‌ವರೆಗೆ ಕಾಯಬೇಕಾಯಿತು. 2020ರ ಮಾರ್ಚ್ 23ರಂದು, ಕೋವಿಡ್ ಭಯದಲ್ಲಿ, ಒಂದೇ ದಿನ ಶೇ 13ರಷ್ಟು ಬಿತ್ತು. ಆ ಸಲ ಜನವರಿಯ ಮಟ್ಟಕ್ಕೆ ಮರಳಲು ನವೆಂಬರ್ ಸಾಕಾಯಿತು. ಮುಂದಿನ ಸಲ ಎಷ್ಟು ತಿಂಗಳು ಎಂದು ಯಾರಿಗೂ ಗೊತ್ತಿಲ್ಲ, ಟಿವಿಯಲ್ಲಿ ಕೂತು ಹೇಳುವವರಿಗೂ ಗೊತ್ತಿಲ್ಲ.

ಆಪತ್ತಿನ ದುಡ್ಡು ಬೇರೆ ಇದ್ದು, ಐದು ವರ್ಷದ ಖರ್ಚು ಷೇರಿನ ಹೊರಗಿದ್ದರೆ, ಬಿದ್ದಾಗ ನೀವು ಮಾಡಬೇಕಾದ್ದು ಏನೂ ಇಲ್ಲ. ಎಸ್‌ಐಪಿ ನಡೆಯಲಿ, ಅದೇ ದುಡ್ಡಿಗೆ ಹೆಚ್ಚು ಯೂನಿಟ್ ಬರುತ್ತವೆ. ಫಂಡ್ ಮತ್ತು ಬಿಡಿ ಷೇರಿಗೆ ಮಾತ್ರ ಒಂದೇ ನ್ಯಾಯ ಹಾಕಬೇಡಿ. ಇಂಡೆಕ್ಸ್ ಮರಳಿ ಏಳುತ್ತದೆ, ಒಂದು ಕಂಪನಿ ಏಳದೆಯೂ ಹೋಗಬಹುದು. ಅರ್ಧ ಕಳೆದುಕೊಂಡ ಷೇರು ಕೊಂಡ ಬೆಲೆಗೆ ಬರಲು ದುಪ್ಪಟ್ಟಾಗಬೇಕು. "ಅಸಲು ಬಂದ ಮೇಲೆ ಮಾರ್ತೀನಿ" ಎಂದು ಕಾಯುವ ಬದಲು, ಈ ದುಡ್ಡು ಇವತ್ತು ಕೈಯಲ್ಲಿದ್ದರೆ ಇದೇ ಷೇರು ಕೊಳ್ಳುತ್ತಿದ್ದೆನಾ ಎಂದು ಕೇಳಿಕೊಳ್ಳಿ. ಇಲ್ಲ ಎಂದರೆ ಮಾರಿ.

ರೀಬ್ಯಾಲೆನ್ಸಿಂಗ್: ವರ್ಷಕ್ಕೊಮ್ಮೆ ಮಾಡುವ ಕೆಲಸ

ಮಳೆಗೆ ಮುಂಚೆ ತೋಟದಲ್ಲಿ ಮರಗಸಿ ಮಾಡಿಸುತ್ತೇವಲ್ಲ, ನೆರಳು ಜಾಸ್ತಿಯಾದ ಕಡೆ ಕೊಂಬೆ ಇಳಿಸಿ ಬೆಳಕು ಬಿಡಿಸುವುದು, ಹೆಚ್ಚೂಕಡಿಮೆ ಅದೇ ಕೆಲಸ. ನೀವು ಷೇರು 40, ಉಳಿದದ್ದು 60 ಎಂದು ನಿರ್ಧರಿಸಿದ್ದೀರಿ. ಪೇಟೆ ಏರಿ ಷೇರಿನ ಪಾಲು 50 ದಾಟಿದರೆ ನೀವು ಒಪ್ಪಿಕೊಂಡದ್ದಕ್ಕಿಂತ ಜಾಸ್ತಿ ಅಪಾಯದಲ್ಲಿ ಕೂತಿದ್ದೀರಿ ಎಂದರ್ಥ. ಅದನ್ನು ಮತ್ತೆ ಅಳತೆಗೆ ತರಬೇಕು.

ಒಂದು ಲೆಕ್ಕ ನೋಡೋಣ. ಎಫ್‌ಡಿ, ಪಿಪಿಎಫ್ (ಸರ್ಕಾರದ ದೀರ್ಘಾವಧಿ ಉಳಿತಾಯ ಖಾತೆ), ಡೆಟ್ ಫಂಡ್ ಸೇರಿ 25 ಲಕ್ಷ ಇದೆ. ಷೇರು ಮತ್ತು ಷೇರು ಫಂಡ್ 27 ಲಕ್ಷಕ್ಕೆ ಬೆಳೆದಿದೆ. ಒಟ್ಟು 52, ಷೇರಿನ ಪಾಲು ಶೇ 52. ಮಾರಿಯೇ ಸರಿಮಾಡಬೇಕೆಂದರೆ 6 ಲಕ್ಷಕ್ಕೂ ಮೀರಿ ಮಾರಬೇಕು, ತೆರಿಗೆ ಬೀಳುತ್ತದೆ. ಮಾರುವ ಮುಂಚೆ ಈ ವರ್ಷದ ಕಾಫಿ ದುಡ್ಡು ನೋಡಿ. ಖರ್ಚೆಲ್ಲ ಕಳೆದು 10 ಲಕ್ಷ ಉಳಿದಿದ್ದರೆ ಅಷ್ಟನ್ನೂ ಎಫ್‌ಡಿ, ಪಿಪಿಎಫ್ ಕಡೆಗೆ ಹಾಕಿ. ಈಗ ಒಟ್ಟು 62, ಅದರಲ್ಲಿ ಷೇರು 27, ಅಂದರೆ ಶೇ 43 ಚಿಲ್ಲರೆ. ಒಂದು ಯೂನಿಟ್ ಮಾರಲಿಲ್ಲ, ಒಂದು ರೂಪಾಯಿ ತೆರಿಗೆ ಕಟ್ಟಲಿಲ್ಲ. ಪೇಟೆ ಬಿದ್ದ ವರ್ಷ ಇದನ್ನೇ ತಿರುಗಿಸಿ, ಹೊಸ ದುಡ್ಡು ಷೇರಿನ ಕಡೆಗೆ. ವರ್ಷಕ್ಕೊಮ್ಮೆ ದೊಡ್ಡ ಮೊತ್ತ ಬರುವವರಿಗೆ ಇರುವ ಅನುಕೂಲ ಇದು, ಸಂಬಳದವರಿಗೆ ಇಷ್ಟು ಸುಲಭವಾಗಿ ಆಗುವುದಿಲ್ಲ.

ಗುರಿಯಿಂದ 5 ಪರ್ಸೆಂಟ್ ಆಚೀಚೆ ಇದ್ದರೆ ಮುಟ್ಟಬೇಡಿ. ಪಿಪಿಎಫ್‌ಗೆ ವರ್ಷಕ್ಕೆ ಒಬ್ಬರು 1.5 ಲಕ್ಷಕ್ಕಿಂತ ಹೆಚ್ಚು ಹಾಕುವ ಹಾಗಿಲ್ಲ ಎಂಬುದು ನೆನಪಿರಲಿ.

ತೆರಿಗೆ: "ಕೃಷಿ ಆದಾಯಕ್ಕೆ ಟ್ಯಾಕ್ಸ್ ಇಲ್ಲ, ನನಗೇನು?"

ಇಲ್ಲಿ ಗೊಂದಲ ಬಹಳ. ಕಾಫಿ ಹಣ್ಣು ಅಥವಾ ಒಣಗಿಸಿದ ಚೆರಿ ಹಾಗೇ ಮಾರಿದರೆ ಕೃಷಿ ಆದಾಯ, ಕೇಂದ್ರದ ಆದಾಯ ತೆರಿಗೆ ಇಲ್ಲ. ಬೆಳೆದವರೇ ಕ್ಯೂರಿಂಗ್ (ಸಿಪ್ಪೆ ಬಿಡಿಸಿ ಬೀಜ ಹದ ಮಾಡುವುದು) ಮಾಡಿ ಮಾರಿದರೆ ಆ ಆದಾಯದ ಶೇ 25 ವ್ಯಾಪಾರದ ಆದಾಯವೆಂದು ಲೆಕ್ಕ. ಹುರಿದು ಪುಡಿ ಮಾಡಿ ಮಾರಿದರೆ ಶೇ 40. ತೋಟದ ಹೆಸರಿನಲ್ಲಿ ಪುಡಿ ಪ್ಯಾಕೆಟ್ ಮಾಡಿ ಆನ್‌ಲೈನ್‌ನಲ್ಲಿ ಮಾರಲು ಶುರು ಮಾಡಿರುವ ಹುಡುಗರು ಇದನ್ನು ಗಮನಿಸಬೇಕು. ಜೊತೆಗೆ, ಕೃಷಿಯೇತರ ಆದಾಯ ವಿನಾಯಿತಿ ಮಿತಿ ದಾಟಿದರೆ ಅದಕ್ಕೆ ಯಾವ ದರ ಎಂದು ನಿರ್ಧರಿಸಲು ಕೃಷಿ ಆದಾಯವನ್ನೂ ಕೂಡಿಸಿ ನೋಡುತ್ತಾರೆ. ಹಾಗಾಗಿ ಎಫ್‌ಡಿ ಬಡ್ಡಿ ಜಾಸ್ತಿ ಇರುವವರಿಗೆ ಅಂದುಕೊಂಡದ್ದಕ್ಕಿಂತ ತೆರಿಗೆ ಹೆಚ್ಚು ಬರುತ್ತದೆ.

ಷೇರು ಮತ್ತು ಷೇರು ಫಂಡ್ ಲಾಭಕ್ಕೆ 2024ರ ಜುಲೈ 23ರಿಂದ ಇರುವ ಲೆಕ್ಕ ಇದು: ಒಂದು ವರ್ಷದೊಳಗೆ ಮಾರಿದರೆ ಲಾಭದ ಮೇಲೆ ಶೇ 20. ವರ್ಷ ದಾಟಿದ ಮೇಲೆ ಮಾರಿದರೆ, ಆರ್ಥಿಕ ವರ್ಷಕ್ಕೆ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆ ಇಲ್ಲ, ಅದರ ಮೇಲಿನದಕ್ಕೆ ಶೇ 12.5. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲವಲ್ಲ ಎನ್ನಬಹುದು. ಆ ರಿಯಾಯಿತಿ ಷೇರಿನ ಈ ಲಾಭಕ್ಕೆ ಸಿಗುವುದಿಲ್ಲ. ಎಸ್‌ಐಪಿಯಾದರೆ ಪ್ರತಿ ಕಂತಿಗೂ ಬೇರೆ ಬೇರೆ ಒಂದು ವರ್ಷ, ಮೊದಲು ಕೊಂಡ ಯೂನಿಟ್ ಮೊದಲು ಮಾರಿದಂತೆ ಲೆಕ್ಕ. 2023ರ ಏಪ್ರಿಲ್ 1ರಿಂದ ಈಚೆಗೆ ಕೊಂಡ ಡೆಟ್ ಫಂಡ್‌ಗೆ ಎಷ್ಟು ವರ್ಷ ಇಟ್ಟರೂ ನಿಮ್ಮ ಮಾಮೂಲಿ ಸ್ಲ್ಯಾಬ್ ದರವೇ.

1.25 ಲಕ್ಷದ ವಿನಾಯಿತಿ ಒಬ್ಬೊಬ್ಬರಿಗೆ ಬೇರೆ ಬೇರೆ. ಈ ವರ್ಷ ಬಳಸದಿದ್ದರೆ ಮುಂದಿನ ವರ್ಷಕ್ಕೆ ಸೇರುವುದಿಲ್ಲ. ಆದ್ದರಿಂದ ಮಾರ್ಚ್‌ ಮುಗಿಯುವ ಮುಂಚೆ, ವರ್ಷ ದಾಟಿದ ಯೂನಿಟ್‌ಗಳಲ್ಲಿ 1.25 ಲಕ್ಷದಷ್ಟು ಲಾಭ ಬರುವ ಹಾಗೆ ಮಾರಿ, ಮತ್ತೆ ಅದೇ ಫಂಡ್‌ಗೆ ಹಾಕಬಹುದು. ಕೊಂಡ ಬೆಲೆ ಏರುತ್ತದೆ, ಮುಂದಿನ ತೆರಿಗೆ ಇಳಿಯುತ್ತದೆ. ಮಾರ್ಚ್ ಕೊನೇ ವಾರಕ್ಕೆ ಬಿಡಬೇಡಿ, ದುಡ್ಡು ಖಾತೆಗೆ ಬರಲು ದಿನ ಹಿಡಿಯುತ್ತದೆ.

ಟಿಪ್ಸ್ ಗ್ರೂಪು, ಎಫ್ ಆ್ಯಂಡ್ ಓ

ಚಿಕ್ಕದಾಗಿ ಹೇಳುತ್ತೇನೆ. 2021-22ರಿಂದ 2023-24ರವರೆಗಿನ ಮೂರು ವರ್ಷದಲ್ಲಿ ಎಫ್ ಆ್ಯಂಡ್ ಓ (ಷೇರು, ಇಂಡೆಕ್ಸ್ ದರ ಮುಂದೆ ಏರುತ್ತೋ ಇಳಿಯುತ್ತೋ ಎಂಬುದರ ಮೇಲಿನ ವಹಿವಾಟು) ಆಡಿದ ಸಾಮಾನ್ಯ ಜನರಲ್ಲಿ ಶೇ 93ರಷ್ಟು ಮಂದಿ ನಷ್ಟ ಮಾಡಿಕೊಂಡರು, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ. ಇದು ಸೆಬಿಯೇ 2024ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ಲೆಕ್ಕ. ಇದಕ್ಕಿಂತ ಬೇರೆ ವಾದ ಬೇಕಾ? ವಾಟ್ಸ್‌ಆ್ಯಪ್, ಟೆಲಿಗ್ರಾಂನಲ್ಲಿ ಸಲಹೆ ಕೊಡುವವರನ್ನು ಸೆಬಿ ನೋಂದಣಿ ಸಂಖ್ಯೆ ಕೇಳಿ. ಹೂಡಿಕೆ ಸಲಹೆಗಾರರದ್ದು ಐಎನ್‌ಎ ಎಂದೂ, ಷೇರು ವಿಶ್ಲೇಷಕರದ್ದು ಐಎನ್‌ಎಚ್ ಎಂದೂ ಶುರುವಾಗುತ್ತದೆ. ಸಂಖ್ಯೆ ಕೊಟ್ಟರೂ ಸೆಬಿ ವೆಬ್‌ಸೈಟ್‌ನಲ್ಲಿ ನೀವೇ ಹುಡುಕಿ ತಾಳೆ ನೋಡಿ. ಬೇರೆಯವರ ನಂಬರ್ ಹೇಳುವವರೂ ಇದ್ದಾರೆ.

ನಾಮಿನಿ ಹಾಕಿದರೆ ಮುಗೀತಾ?

ಮುಗಿಯಲಿಲ್ಲ. ನಾಮಿನಿ ಎಂದರೆ ದುಡ್ಡನ್ನು ಪಡೆದು ವಾರಸುದಾರರಿಗೆ ತಲುಪಿಸಬೇಕಾದವರು, ಮಾಲೀಕರಲ್ಲ. ಷೇರುಗಳ ವಿಷಯದಲ್ಲೂ ಹೀಗೆಯೇ ಎಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಹೇಳಿದೆ. ಅಣ್ಣತಮ್ಮಂದಿರು, ಅಕ್ಕತಂಗಿಯರು ಇರುವ ಮನೆಯಲ್ಲಿ ನಾಮಿನಿ ಒಬ್ಬರೇ ಎಲ್ಲ ಇಟ್ಟುಕೊಳ್ಳುತ್ತೇನೆಂದರೆ ಜಗಳ ಗ್ಯಾರಂಟಿ. ಯಾರಿಗೆ ಏನು ಎಂದು ನೀವು ನಿರ್ಧರಿಸಿದ್ದರೆ ಉಯಿಲು ಬರೆಸಿ. ಎರಡು ಸಾಕ್ಷಿ ಇರಬೇಕು. ನೋಂದಣಿ ಕಡ್ಡಾಯವಲ್ಲ, ಆದರೆ ಸಬ್‌ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿಟ್ಟರೆ ಆಮೇಲೆ ತಕರಾರು ಕಡಿಮೆ.

ಅಜ್ಜನ ಕಾಲದ ಕಾಗದದ ಷೇರು ಪತ್ರ ಟ್ರಂಕಿನಲ್ಲಿದ್ದರೆ ಎಸೆಯಬೇಡಿ. 2019ರ ಏಪ್ರಿಲ್‌ನಿಂದ ಕಾಗದದ ಷೇರನ್ನು ಹಾಗೇ ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ, ಡಿಮ್ಯಾಟ್ ಮಾಡಿಸಲೇಬೇಕು. ಏಳು ವರ್ಷ ಸತತವಾಗಿ ಡಿವಿಡೆಂಡ್ ಪಡೆಯದಿದ್ದರೆ ಆ ಷೇರು ಕೇಂದ್ರದ ಐಇಪಿಎಫ್ ನಿಧಿಗೆ ಹೋಗಿರುತ್ತದೆ. ಐಇಪಿಎಫ್ ವೆಬ್‌ಸೈಟ್‌ನಲ್ಲಿ ಹೆಸರು ಹಾಕಿ ಹುಡುಕಿ. ಇದ್ದರೆ ಮರಣ ಪ್ರಮಾಣಪತ್ರ, ವಂಶವೃಕ್ಷ, ನಿಮ್ಮ ಪ್ಯಾನ್, ಆಧಾರ್ ಜೋಡಿಸಿಕೊಂಡು ಮೊದಲು ಕಂಪನಿಯ ರಿಜಿಸ್ಟ್ರಾರ್‌ಗೆ ಬರೆಯಿರಿ, ಇನ್ನೇನು ಕಾಗದ ಬೇಕೆಂದು ಅವರೇ ತಿಳಿಸುತ್ತಾರೆ. ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸವಿದ್ದರೂ ಅಫಿಡವಿಟ್ ಕೇಳುತ್ತಾರೆ, ತಿಂಗಳುಗಟ್ಟಲೆ ಎಳೆಯುತ್ತದೆ. ಅಪ್ಪ ಅಮ್ಮ ಇರುವಾಗಲೇ ಕೇಳಿ ತೆಗೆಸಿ ಸರಿಮಾಡಿಸಿಕೊಂಡರೆ ಅರ್ಧ ಓಡಾಟ ತಪ್ಪುತ್ತದೆ.